ಏಳು ಮಂತ್ರಿಗಳ ಒಂದೇ ನಿಲುವಂಗಿ

ಕೊಚ್ಚಿಯ ಕಲೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸ್ಟೇಡಿಯಂ ಸುತ್ತ ಓಡಲು ಹೊರಟ ನಾಲ್ಕಾರು ಮಂದಿ ಅಂಗಡಿಗಳ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಗಿಯುತ್ತಿದ್ದಾರೆ. ಮೀನಿನ ಸ್ಕೂಟರಿನವನು ಹಾರ್ನ್ ಒತ್ತುತ್ತ ಬರುತ್ತಿದ್ದಾನೆ. ಟೇಲರ್ ಅಂಗಡಿಯ ಮೇಲಿನ ಟೆರೇಸಿನಲ್ಲಿ ತಲೆಯೂ ಕಾಲೂ ಇಲ್ಲದ ಮಹಾರಾಜನೊಬ್ಬ ಪ್ಲಾಸ್ಟಿಕ್ ಹಗ್ಗಕ್ಕೆ ನೇತಾಡುತ್ತಿದ್ದಾನೆ. ಪಕ್ಕದಲ್ಲಿ ರಾಣಿ, ಆಚೆಗೆ ಇಬ್ಬರು ದ್ವಾರಪಾಲಕರು. ಇವರೆಲ್ಲರ ನಡುವೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜರಿಯ ಮೇಲಿನ ಬೂಷ್ಟು ಉಜ್ಜುತ್ತಿರುವವರು ಕೌಸಲ್ಯಾ ಹಾಲಪ್ಪ. ವಯಸ್ಸು ಅರವತ್ತೈದು ದಾಟಿದೆ.

‘ಈ ಊರಿನ ಗಾಳ್ಯಾಗ ಉಪ್ಪು ಐತ್ರಿ, ನೀರೂ ಐತಿ. ರಾಜನ್ನ ಪೆಟಗ್ಯಾಗ ಇಟ್ರ ಎರಡು ತಿಂಗಳಿಗೆ ಹಸರು ಆಗ್ತಾನ. ಬಿಸಲಿಗಿ ಹಾಕಿದ್ರ ಬಣ್ಣ ಹೋಗ್ತೈತಿ. ಅದಕ್ಕ ಎಳೀ ಬಿಸಲಿಗಿ ಹಾಕಿ, ಬಿಸಲು ಬಲಿಯೂದ್ರಾಗ ಒಳಗ ತಗೋಬೇಕು’ ಎನ್ನುತ್ತಾರೆ. ಗದಗ ಕಡೆಯ ಮಾತು, ಕೊಚ್ಚಿಗೆ ಬಂದು ನಲವತ್ತು ವರ್ಷವಾದರೂ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಯಾರೋ ‘ಚೇಚೀ, ಎನ್ಡೆ ಚುರಿದಾರ್ ಆಯೋ’ ಎಂದು ಕೂಗುತ್ತಾರೆ. ತಮ್ಮ ಚೂಡಿದಾರ ಆಯಿತೇ ಎಂದು ಕೇಳಲು ಬಂದ ಗಿರಾಕಿ. ಕೌಸಲ್ಯಾ ಪಿನ್ನು ಬಾಯಿಂದ ತೆಗೆದು, ಪಕ್ಕಾ ಎರ್ನಾಕುಳಂ ಮಲಯಾಳದಲ್ಲಿ ಸಂಜೆ ಬಾ ಎಂದು ಸಾಗಹಾಕಿ, ಮತ್ತೆ ಮಹಾರಾಜನ ತೋಳಿಗೆ ಕೈ ಹಾಕುತ್ತಾರೆ.

ಈ ರಾಜಪರಿವಾರದ ಮಾಲೀಕರು ‘ಹಿನ್ನೀರು ಬಳಗ’. ಕೊಚ್ಚಿಯ ಕನ್ನಡಿಗರ ಹವ್ಯಾಸಿ ನಾಟಕ ತಂಡ. ಮಾಲೀಕರು ಎಂದು ಬಾಯಿಮಾತಿಗೆ ಹೇಳಿದೆ. ಬಳಗಕ್ಕೆ ಸ್ವಂತ ಕಟ್ಟಡವಿಲ್ಲ, ಬೋರ್ಡಿಲ್ಲ, ಇರುವುದು ನಾಲ್ಕು ತಗಡಿನ ಪೆಟ್ಟಿಗೆ. ಅವು ಮೊದಲಿನಿಂದಲೂ ಕೌಸಲ್ಯಾ ಅವರ ಮಂಚದ ಕೆಳಗಿವೆ. ಬಳಗದ ಆಹ್ವಾನಪತ್ರಿಕೆಗಳಲ್ಲಿ ಅವರ ಹೆಸರು ಹುಡುಕಿದರೆ ಕೊನೆಯ ಸಾಲಿನಲ್ಲಿ ‘ವಸ್ತ್ರ’ ಎಂಬ ಪದದ ಮುಂದೆ ಸಿಗುತ್ತದೆ, ಕೆಲವು ವರ್ಷ ಅದೂ ಇಲ್ಲ.

ಬಳಗ ಹುಟ್ಟಿದ್ದು ಎಂಬತ್ತರ ದಶಕದ ಕೊನೆಗೆ. ಆಗ ಉಪೇಂದ್ರ ಎಂಬ ಮೈಸೂರಿನ ಬ್ಯಾಂಕ್ ಅಧಿಕಾರಿಗೆ ಕೊಚ್ಚಿಗೆ ವರ್ಗವಾಗಿತ್ತು. ಕನ್ನಡ ಮಾತಾಡಲು ಜನ ಸಿಗದೆ ಬಾಯಿ ತುಕ್ಕು ಹಿಡಿದಿತ್ತು ಎಂದು ಅವರು ಈಗಲೂ ಹೇಳಿಕೊಳ್ಳುತ್ತಾರೆ. ಬೇರೆ ಬೇರೆ ಬ್ಯಾಂಕು, ಬಂದರು, ಲೆಕ್ಕಪತ್ರದ ಕಚೇರಿಗಳಲ್ಲಿ ಚದುರಿದ್ದ ಕನ್ನಡಿಗರನ್ನು ಭಾನುವಾರ ಒಂದು ಕ್ಯಾಂಟೀನಿನಲ್ಲಿ ಕೂಡಿಸಿ, ಅವರಿಗಾಗಿಯೇ ‘ಮಂತ್ರಿಗೆ ವರ್ಗಾವಣೆ’ ಎಂಬ ನಗೆನಾಟಕ ಬರೆದರು. ಹಳೆಗಾಲದ ರಾಜನೊಬ್ಬ ತನ್ನ ಮಂತ್ರಿಯನ್ನು ಗಡಿಯಾಚೆಯ ಊರಿಗೆ ವರ್ಗ ಮಾಡುತ್ತಾನೆ, ಮಂತ್ರಿ ಹೋಗದೆ ಇರಲು ಇಲ್ಲದ ಕಸರತ್ತು ಮಾಡುತ್ತಾನೆ. ಕತೆ ಇಷ್ಟೆ. ವರ್ಗಾವಣೆಯ ಆದೇಶ ಕೈಲಿ ಹಿಡಿದೇ ಕೇರಳಕ್ಕೆ ಬಂದಿದ್ದ ಜನಕ್ಕೆ ಅದಕ್ಕಿಂತ ಹತ್ತಿರದ ಕತೆ ಬೇಕಿರಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡರಂತೆ.

ಮೊದಲ ಮಂತ್ರಿ ಕೌಸಲ್ಯಾ ಅವರ ಗಂಡ ಹಾಲಪ್ಪ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ, ಗದಗ ಹತ್ತಿರದ ಹಳ್ಳಿಯವರು, ಗಟ್ಟಿ ಆಳು. ನಾಟಕದ ನಡುವೆ ಮಂತ್ರಿ ರಾಜನಿಗೆ ಒಂದು ಅರಿಕೆ ಮಾಡಿಕೊಳ್ಳುತ್ತಾನೆ. ಅದು ಉಸಿರು ತೆಗೆದುಕೊಳ್ಳಲು ಎಡೆಯಿಲ್ಲದ ಒಂದೇ ವಾಕ್ಯ: ‘ಪ್ರಭು, ನಾನು ಹೊರಟರೆ ನನ್ನ ಹೆಂಡತಿ ಹೊರಡಬೇಕು, ಹೆಂಡತಿ ಹೊರಟರೆ ಅವಳ ತಾಯಿ ಹೊರಡಬೇಕು, ತಾಯಿ ಹೊರಟರೆ ಆಕೆಯ ಎಮ್ಮೆ ಹೊರಡಬೇಕು, ಎಮ್ಮೆ ಹೊರಟರೆ ಹಾಲು ಕರೆಯುವ ಗೌರಜ್ಜಿ ಹೊರಡಬೇಕು, ಗೌರಜ್ಜಿ ಹೊರಟರೆ ಅವಳ ಕೈ ಹಿಡಿಯುವ ಮೊಮ್ಮಗ ಹೊರಡಬೇಕು, ಮೊಮ್ಮಗ ಹೊರಟರೆ ಅವನಿಗೆ ಅಕ್ಷರ ಕಲಿಸುವ ಮೇಷ್ಟ್ರು ಹೊರಡಬೇಕು, ಮೇಷ್ಟ್ರು ಹೊರಟರೆ ಶಾಲೆಯೇ ಹೊರಡಬೇಕು, ಶಾಲೆ ಹೊರಟರೆ ಊರೇ ಹೊರಡಬೇಕು, ಊರೇ ಹೊರಟ ಮೇಲೆ ತಾವೊಬ್ಬರೇ ಇಲ್ಲಿ ಕೂತು ಯಾರನ್ನು ಆಳುತ್ತೀರಿ, ತಾವೂ ಹೊರಟುಬಿಡಿ ಪ್ರಭು.’

ಹಾಲಪ್ಪ ಇದನ್ನು ಒಂದೇ ಉಸಿರಿಗೆ ಹೇಳುತ್ತಿದ್ದರು. ಮನೆಯಲ್ಲಿ ಸ್ನಾನ ಮಾಡುವಾಗ, ಚಪಾತಿ ಲಟ್ಟಿಸುವಾಗ, ಬಸ್ಸಿಗೆ ನಿಂತಾಗ ಅದೇ ಸಾಲು. ಆಗ ಕೌಸಲ್ಯಾ ಹೊಲಿಗೆ ಕಲಿತಿದ್ದು ಹೊಸತು. ಗಂಡನಿಗಾಗಿ ಮೊದಲು ಹೊಲಿದ ಉಡುಪು ಮಂತ್ರಿಯ ನೇರಳೆ ನಿಲುವಂಗಿಯೇ, ಇವತ್ತಿಗೂ ಮಂತ್ರಿಯಾದವರೆಲ್ಲ ತೊಡುವುದು ಅದನ್ನೇ. ಮೊದಲ ಸಲ ಹಾಕಿಕೊಂಡು ಉಸಿರೆಳೆದಾಗ ಎದೆಯ ಹೊಲಿಗೆ ಪಟಪಟನೆ ಬಿಚ್ಚಿತಂತೆ. ಆಮೇಲೆ ಎದೆಯ ಮೇಲೆ ಎರಡೂ ಬದಿಗೆ ನೆರಿಗೆ ಕೊಟ್ಟು ಮತ್ತೆ ಹೊಲಿದರು. ಅದನ್ನು ನೆನೆಸಿಕೊಂಡು ಈಗಲೂ ಮುಖ ಕೆಂಪಗಾಗುವಷ್ಟು ನಗುತ್ತಾರೆ.

ವರ್ಗಾವಣೆಯ ಜನರ ನಾಟಕ ತಂಡಕ್ಕೆ ಒಂದು ತಾಪತ್ರಯವಿದೆ. ಮಾತು ಬಾಯಿಗೆ ಬರುವಷ್ಟರಲ್ಲಿ ರಾಜ ನಾಗಪುರಕ್ಕೆ ಹೋಗುತ್ತಾನೆ, ರಾಣಿ ಗುವಾಹಟಿಗೆ. ಅದಕ್ಕೆ ಬಳಗ ಕಚೇರಿಯ ಪದ್ಧತಿಯನ್ನೇ ರಂಗಕ್ಕೂ ತಂದಿತು. ವರ್ಗವಾದವರು ಊರು ಬಿಡುವ ಮುಂಚೆ ತಮ್ಮ ಪಾತ್ರದ ಚಾರ್ಜನ್ನು ಮುಂದಿನವರಿಗೆ ವಹಿಸಿಕೊಡಬೇಕು. ಜಾಗ, ಕೌಸಲ್ಯಾ ಅವರ ಮನೆ. ಹಳಬರು ನಿಂತು ಪಾತ್ರವನ್ನು ಪೂರ್ತಿ ಆಡಿ ತೋರಿಸುತ್ತಾರೆ, ಹೊಸಬರು ಹಾಗೆಯೇ ಆಡುತ್ತಾರೆ, ಕೌಸಲ್ಯಾ ಉಡುಪನ್ನು ಹಳಬರ ಮೈಯಿಂದ ಬಿಚ್ಚಿಸಿ ಹೊಸಬರ ಮೈಗೆ ಹಿಡಿದು ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಮಂಡಕ್ಕಿ, ಮಿರ್ಚಿ ಭಜಿ, ಚಹಾ. ಚಾರ್ಜ್ ಹೇಗೆ ಬಂತೋ ಹಾಗೇ ಕೊಡಬೇಕು, ಒಂದು ಅಕ್ಷರ ಕಡಿಮೆಯಿಲ್ಲ, ಹೆಚ್ಚಿಲ್ಲ, ಇದು ನಿಯಮ. ಬ್ಯಾಂಕಿನವರು ನೋಡಿ, ನಿಯಮವೆಂದರೆ ನಿಯಮ.

ನಿಯಮದ ಫಲವೂ ಅಷ್ಟೇ ಚಂದ. ಧಾರವಾಡದವರಿಂದ ಚಾರ್ಜ್ ತೆಗೆದುಕೊಂಡ ಮಂಗಳೂರಿನ ರಾಜ ಸಿಟ್ಟು ಬಂದಾಗ ಮಾತ್ರ ಧಾರವಾಡದ ಕನ್ನಡ ಮಾತಾಡುತ್ತಿದ್ದ. ರಾಣಿಯೊಬ್ಬರು ಕನ್ನಡಕ ಮರೆತು ಬಂದು ಕಣ್ಣು ಕಿರಿದು ಮಾಡಿಕೊಂಡು ಪಾತ್ರ ಒಪ್ಪಿಸಿದ್ದಕ್ಕೆ ಮುಂದಿನ ಮೂವರು ರಾಣಿಯರು ಕಣ್ಣು ಕಿರಿದು ಮಾಡಿಕೊಂಡೇ ಆಳಿದರು. ಇವನ್ನೆಲ್ಲ ಬಳಗದವರು ಹೆಮ್ಮೆಯಿಂದಲೇ ಹೇಳಿಕೊಂಡು ನಗುತ್ತಾರೆ. ನಗದೆ ಹೇಳುವುದು ಒಂದನ್ನು ಮಾತ್ರ, ಹಾಲಪ್ಪನವರ ಕೆಮ್ಮನ್ನು.

ನಾಲ್ಕು ವರ್ಷ ಗಟ್ಟಿಯಾಗಿ ಮಂತ್ರಿತನ ನಡೆಸಿದ ಹಾಲಪ್ಪ ಆಮೇಲೆ ಪುಪ್ಪುಸದ ಕಾಯಿಲೆಗೆ ಬಿದ್ದರು. ಮೈ ಇಳಿಯಿತು, ಕೌಸಲ್ಯಾ ನಿಲುವಂಗಿಯನ್ನು ಎರಡು ಸಲ ಒಳಗೆ ಹಿಡಿದರು. ಗೌರಜ್ಜಿಯವರೆಗೆ ಬರುವಷ್ಟರಲ್ಲಿ ಉಸಿರು ಕಟ್ಟಿ ಕೆಮ್ಮು ಬರುತ್ತಿತ್ತು. ಕೊನೆಗೆ ಚಾರ್ಜ್ ಕೊಡುವ ದಿನ ಬಂದಾಗ ಮಂಚದ ಮೇಲೆ ದಿಂಬಿಗೆ ಒರಗಿ ಕೂತು, ವೀರಭದ್ರ ಎಂಬ ಹೊಸ ನೌಕರನಿಗೆ ಸಾಲು ಹೇಳಿಕೊಟ್ಟರು. ಗೌರಜ್ಜಿಯ ಹತ್ತಿರ ಬಹಳ ಹೊತ್ತು ಕೆಮ್ಮಿದರು. ವೀರಭದ್ರ ಹಿಂದಿನ ಪ್ರದರ್ಶನ ನೋಡಿದವನಲ್ಲ. ಹೇಗೆ ಕೊಟ್ಟರೋ ಹಾಗೇ ತೆಗೆದುಕೊಂಡ. ಎರಡು ತಿಂಗಳಿಗೆ ಹಾಲಪ್ಪ ತೀರಿಕೊಂಡರು. ಆ ವರ್ಷದ ನಾಟಕದಲ್ಲಿ ವೀರಭದ್ರ ಸರಿಯಾಗಿ ಅದೇ ಜಾಗದಲ್ಲಿ, ಅದೇ ಥರ ಕೆಮ್ಮಿದ. ಗೊತ್ತಿದ್ದವರು ಬಿಕ್ಕಿದರು, ಗೊತ್ತಿಲ್ಲದವರು ನಕ್ಕರು.

ಅಲ್ಲಿಂದ ಕೆಮ್ಮು ಪಾತ್ರದ ಭಾಗವಾಯಿತು. ನಿಯಮವಿದ್ದರೂ ಮೂರನೆಯ ಮಂತ್ರಿ ಅದಕ್ಕೆ ಕರವಸ್ತ್ರ ಸೇರಿಸಿದ. ಐದನೆಯವನು ಒಬ್ಬ ಸೇವಕನನ್ನು ತಂಬಿಗೆ ನೀರಿನ ಸಮೇತ ಕರೆಸಿದ, ಆ ಸೇವಕನಿಗೂ ಒಂದು ಉಡುಪು ಹೊಲಿಯಬೇಕಾಯಿತು. ಹಾಲಪ್ಪ ಯಾರೆಂದೇ ತಿಳಿಯದ ಜನ ತುಂಬಿಕೊಂಡಾಗ ಉಪೇಂದ್ರ ಬೆಳ್ಳಿಹಬ್ಬದ ವೇದಿಕೆಯಲ್ಲಿ ಕತೆಯನ್ನೆಲ್ಲ ಹೇಳಿ, ಇದು ನಮ್ಮ ಗೆಳೆಯನ ಉಸಿರು, ಬಳಗ ಇರುವವರೆಗೂ ಇರುತ್ತದೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಕೌಸಲ್ಯಾ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅವರು ಶಾಲು ಮಡಚಿ ಪೆಟ್ಟಿಗೆಯಲ್ಲಿಟ್ಟರು. ಮುಂದೆ ಅದು ರಾಜನ ಸಿಂಹಾಸನದ ಹೊದಿಕೆಯಾಯಿತು.

ಗಂಡ ಹೋದಾಗ ಮಗಳು ಕೃಪಾಗೆ ಎರಡು ವರ್ಷ. ಊರಿನಿಂದ ಮೈದುನ ಬಂದು, ಗಂಟುಮೂಟೆ ಕಟ್ಟು ಎಂದರಂತೆ. ಕೌಸಲ್ಯಾ ಕಟ್ಟಲಿಲ್ಲ. ಓಣಿಯ ಹೆಂಗಸರ ರವಿಕೆ, ಶಾಲೆಯ ಯೂನಿಫಾರ್ಮು, ಆಸ್ಪತ್ರೆಯ ನರ್ಸುಗಳ ಅಂಗಿ, ಎಲ್ಲ ಹೊಲಿದರು. ಮೊದಮೊದಲು ಮಲಯಾಳ ಬಾರದೆ ಕೈಸನ್ನೆಯಲ್ಲೇ ಅಳತೆ ತೆಗೆದದ್ದುಂಟು. ಮನೆ ಬಾಡಿಗೆ ಕೇಳಿದಾಗ ಗಂಡಸರು ಯಾರಿದ್ದಾರೆ ಎಂದು ಕೇಳಿದ ಮನೆಗಳೂ ಉಂಟು. ಈಗಲೂ ಬೆಳಗ್ಗೆ ಏಳಕ್ಕೆ ಮಷಿನ್ ಮುಂದೆ ಕೂತರೆ ಊಟದ ಹೊತ್ತಿಗೆ ಏಳುತ್ತಾರೆ, ಮತ್ತೆ ಕೂತರೆ ದೀಪ ಹಚ್ಚುವ ಹೊತ್ತಿಗೆ. ದಿನಕ್ಕೆ ಎಂಟು ಹತ್ತು ರವಿಕೆ ಹೊಲಿಯುತ್ತಿದ್ದ ಕೈ ಈಗ ನಾಲ್ಕಕ್ಕೆ ಸೋಲುತ್ತದೆ. ಯಾಕೆ ಊರಿಗೆ ಹೋಗಲಿಲ್ಲ ಎಂದು, ಅವರ ಬಗ್ಗೆ ಬರೆಯಲು ಬಂದ ನಾನು ಕೇಳಿದಾಗ ದಾರ ಕಚ್ಚಿ ಕತ್ತರಿಸಿ, ‘ಅಲ್ಲೆ ಹೋಗಿದ್ರ ನಾನು ಗಂಡ ಸತ್ತಾಕಿ. ಇಲ್ಲೆ ನಾನು ಟೇಲರ್’ ಎಂದರು.

ಕೃಪಾ ಈಗ ತಿರುವನಂತಪುರದ ಉಳ್ಳೂರಿನಲ್ಲಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಮದುವೆಯಾಗಿ ಅಲ್ಲೇ ನೆಲೆಸಿದ್ದಾಳೆ. ತಾಯಿಯ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಫೋನಿನಲ್ಲಿ ಇಬ್ಬರೂ ಎರಡು ಭಾಷೆಯಲ್ಲಿ ಜಗಳವಾಡುವುದನ್ನು ಕೇಳುವುದೇ ಒಂದು ಸೊಗಸು. ಚಿಕ್ಕಂದಿನಲ್ಲಿ ಅವಳನ್ನು ತಾಲೀಮಿಗೆ ಕರೆದುಕೊಂಡು ಹೋಗುತ್ತಿದ್ದರು. ಮಂತ್ರಿ ಕೆಮ್ಮಿದಾಗಲೆಲ್ಲ ಯಾರಾದರೊಬ್ಬ ಹೆಂಗಸು ಮಗುವಿನ ಕೆನ್ನೆ ಹಿಂಡಿ, ನೋಡು, ನಿಮ್ಮಪ್ಪ, ಎನ್ನುತ್ತಿದ್ದರು. ಮಗು ಬಹಳ ದಿನ ಅಪ್ಪ ಎಂದರೆ ಕೆಮ್ಮುವವನು ಎಂದೇ ತಿಳಿದುಕೊಂಡಿತ್ತು. ಶಾಲೆಯಲ್ಲಿ ಅಪ್ಪನ ಬಗ್ಗೆ ಹೇಳು ಎಂದರೆ ಎದ್ದು ನಿಂತು ಕೆಮ್ಮಿದ್ದಳಂತೆ. ಇದನ್ನು ಹೇಳುವಾಗ ಕೌಸಲ್ಯಾ ನಗಲಿಲ್ಲ, ನನಗೂ ನಗು ಬರಲಿಲ್ಲ.

ನಾನು ಹೋದ ದಿನ ಮನೆಯಲ್ಲಿ ಚಾರ್ಜ್ ಕೊಡುವ ಸಮಾರಂಭವಿತ್ತು. ಕೋವಿಡ್ ಬಂದಂದಿನಿಂದ ನಿಂತಿದ್ದ ನಾಟಕಕ್ಕಾಗಿ ಪೆಟ್ಟಿಗೆಗಳು ಮೊದಲ ಸಲ ತೆರೆದಿದ್ದವು. ಬಳಗ ಈ ಬಾರಿ ತಿರುವನಂತಪುರದಲ್ಲಿ ನಾಟಕ ಆಡಲಿದೆ. ಏಳನೆಯ ಮಂತ್ರಿ ಚಂದ್ರಹಾಸ, ಬ್ಯಾಂಕಿನವರು, ಅವರಿಗೆ ಲಖನೌಗೆ ವರ್ಗವಾಗಿದೆ. ಎಂಟನೆಯ ಮಂತ್ರಿಯಾಗಲು ಬಂದವಳು ದಿಶಾ, ಕಾಸರಗೋಡಿನ ಹುಡುಗಿ, ತಿರುವನಂತಪುರದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಜೊತೆಗೆ ಬಂದಿದ್ದವನು ಹೊಸ ನಿರ್ದೇಶಕ ಅಜಿತ್, ಅದೇ ಊರಿನ ಕಳಕ್ಕೂಟಂನ ಐಟಿ ಕಂಪನಿಯೊಂದರ ನೌಕರ. ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಹಿಡಿದು ಕೂತಿದ್ದವರು ಉಪೇಂದ್ರ. ನಿವೃತ್ತರಾದ ಮೇಲೂ ಎರ್ನಾಕುಳಂನಲ್ಲೇ ಉಳಿದವರು, ಎಂಬತ್ತರ ಹತ್ತಿರ. ಅವರು ಅಷ್ಟು ಬೇಗ ಬಂದದ್ದಕ್ಕೆ ಕಾರಣವಿತ್ತು.

ಅಜಿತ್ ಕೆಮ್ಮನ್ನು ತೆಗೆಯುತ್ತೇನೆ ಎಂದಿದ್ದ. ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಈ ಮಾತು ಬಿದ್ದದ್ದೇ ತಡ, ಗುವಾಹಟಿಯ ರಾಣಿಯಿಂದ ಹಿಡಿದು ನಾಗಪುರದ ರಾಜನವರೆಗೆ ಎಲ್ಲ ಮಾಜಿಗಳೂ ಅವನ ಮೇಲೆ ಮುಗಿಬಿದ್ದಿದ್ದರು. ಹಾಲಪ್ಪನವರನ್ನು ಕೊಂದ ಹಾಗೆ ಎಂದು ಒಬ್ಬರು ಬರೆದಿದ್ದರು. ಆ ಹುಡುಗ ಪಾಪ ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಚಹಾದ ಲೋಟ ಕೈಲಿ ಹಿಡಿದುಕೊಂಡು ಕೌಸಲ್ಯಾ ಅವರ ಎದುರು ನೆಲದ ಮೇಲೆ ಕೂತ.

‘ಆಂಟಿ, ಆಕ್ಚುಲಿ ನನಗೆ ಅಂಕಲ್ ಬಗ್ಗೆ ಅಗೌರವ ಏನಿಲ್ಲ. ಆದ್ರೆ ಕೆಮ್ಮು ಬಂದಾಗ ಜನ ಅಲ್ಲೇ ನಕ್ಕುಬಿಡ್ತಾರೆ. ತಾವೂ ಹೊರಟುಬಿಡಿ ಅನ್ನೋದು ಯಾರಿಗೂ ಕೇಳ್ಸೋದೇ ಇಲ್ಲ. ನೀವು ಬೇಡ ಅಂದ್ರೆ ಇರ್ಲಿ, ತೆಗೆಯಲ್ಲ’ ಎಂದ.

ಉಪೇಂದ್ರ ಕೋಲು ಕುಟ್ಟಿದರು. ಅವಳನ್ನೇನು ಕೇಳುತ್ತೀಯ, ಗಂಡನ ನೆನಪನ್ನು ಅಳಿಸಲೇ ಎಂದು ಹೆಂಡತಿಯನ್ನು ಕೇಳುವುದುಂಟೇ, ಎಂದು ಗದರಿದರು. ಚಂದ್ರಹಾಸ ಹೌದೆನ್ನುವಂತೆ ತಲೆಯಾಡಿಸಿದರು. ದಿಶಾ ನಿಲುವಂಗಿಯೊಳಗೆ ಅರ್ಧ ಮುಳುಗಿ ನಿಂತಿದ್ದಳು, ಕೌಸಲ್ಯಾ ಅವಳ ಹೆಗಲಿಗೆ ಪಿನ್ನು ಚುಚ್ಚುತ್ತಿದ್ದರು. ಚುಚ್ಚುವುದನ್ನು ಮುಗಿಸಿ, ಉಳಿದ ಪಿನ್ನುಗಳನ್ನು ಡಬ್ಬಿಗೆ ಹಾಕಿ, ಡಬ್ಬಿ ಮುಚ್ಚಿದರು.

‘ತಗೀರಿ ಅದನ್ನ’ ಎಂದರು.

ಉಪೇಂದ್ರರಿಗೆ ಸರಿಯಾಗಿ ಕೇಳಿಸಲಿಲ್ಲವೋ ಏನೋ, ಏನಮ್ಮ, ಎಂದರು.

‘ಸರ, ಆ ಕೆಮ್ಮು ನಾನು ಮನ್ಯಾಗ ರಗಡ ಕೇಳೀನಿ. ಅದು ಅವರದಲ್ರಿ, ಅವರ ಬ್ಯಾನಿದು. ಅವರು ನಾಕು ವರ್ಷ ಒಂದ ಉಸುರಿನಾಗ ಹೇಳ್ತಿದ್ರಲ್ಲ, ಅದು ಅವರದು. ಅದನ್ನ ಯಾರೂ ಚಾರ್ಜ್ ತಗೊಳ್ಳಲಿಲ್ಲ. ನಮ್ಮ ಕೃಪಾ ಅವರಪ್ಪನ ಮಾತು ಕೇಳಿಲ್ಲ, ಕೆಮ್ಮಷ್ಟ ಕೇಳ್ಯಾಳ. ಆಕೀಗಿ ಒಮ್ಮೆ ಕೇಳಸಬೇಕು ನನಗ.’

ಎಂಬತ್ತರ ಮುದುಕರ ಮುಖ ನೋಡಲಾಗುತ್ತಿರಲಿಲ್ಲ. ತಾವು ಕಾಪಾಡಿಕೊಂಡು ಬಂದದ್ದು ಗೆಳೆಯನನ್ನಲ್ಲ, ಗೆಳೆಯನ ಕಾಯಿಲೆಯನ್ನು ಎಂದು ಅವರಿಗೆ ಆಗ ಹೊಳೆದಿರಬೇಕು. ಕೋಲನ್ನು ಗೋಡೆಗೆ ಒರಗಿಸಿ, ‘ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ’ ಎಂದು ಕೇಳಿದರು. ಬೈಗುಳವಿರಲಿಲ್ಲ, ದನಿ ಸೋತಿತ್ತು.

‘ನೀವು ಪ್ರೀತೀಲೆ ಮಾಡ್ತಿದ್ರಿ. ಬ್ಯಾಡ ಅಂದ್ರ ಕೆಮ್ಮಿನ ಕೂಡ ಅವರನ್ನೂ ಬಿಟ್ಟೀರಿ ಅಂತ ಅಂಜಿಕಿ ಇತ್ರಿ ನನಗ’ ಎಂದರು ಕೌಸಲ್ಯಾ.

ಹಾಗಾಗಿ ಅಂದು ಬಳಗದ ಇತಿಹಾಸದಲ್ಲಿ ಮೊದಲ ಸಲ ಚಾರ್ಜಿನಲ್ಲಿ ಒಂದು ಕಡಿಮೆಯಾಯಿತು. ಚಂದ್ರಹಾಸ ಆಡಿ ತೋರಿಸಿದರು, ದಿಶಾ ಆಡಿದಳು, ಗೌರಜ್ಜಿಯ ಹತ್ತಿರ ಬಂದು ನಿಂತುಬಿಟ್ಟಳು. ಉಸಿರು ಮುಗಿದಿತ್ತು. ಇನ್ನೊಮ್ಮೆ ಹೇಳಿದಳು, ಮೊಮ್ಮಗನ ತನಕ ಹೋದಳು. ಮತ್ತೊಮ್ಮೆ ಹೇಳಿದಾಗ ಕೆಮ್ಮೇ ಬಂತು, ನಿಜವಾದ ಕೆಮ್ಮು. ಇದು ಮನುಷ್ಯರಿಗೆ ಆಗುವ ಕೆಲಸವಲ್ಲ ಮಾರಾಯ್ರೆ, ಎಂತ ಮಾಡುದು ಎಂದು ನೆಲದ ಮೇಲೆ ಕೂತಳು. ಅಜಿತ್ ವಾಕ್ಯವನ್ನು ಅರ್ಧ ಕತ್ತರಿಸೋಣ ಎಂದ. ಆಗ ಕೌಸಲ್ಯಾ ಹುಡುಗಿಯ ಪಕ್ಕದಲ್ಲಿ ಕೂತು, ಹಾಲಪ್ಪ ಹೇಗೆ ಮಾಡುತ್ತಿದ್ದರೆಂದು ಹೇಳಿದರು. ರಾಜನ ಮಾತು ಮುಗಿದ ಮೇಲೆ ಉಸಿರು ತೆಗೆದುಕೊಂಡರೆ ತಡವಾಯಿತು. ರಾಜ ಗದರುತ್ತಿರುವಾಗಲೇ ಮಂತ್ರಿ ತಲೆ ತಗ್ಗಿಸಿ, ಹೆದರಿದವರ ಹಾಗೆ ನಿಂತು, ಮೆಲ್ಲಗೆ ಎದೆ ತುಂಬಿಕೊಳ್ಳಬೇಕು. ಜನ ರಾಜನನ್ನು ನೋಡುತ್ತಿರುತ್ತಾರೆ, ಯಾರಿಗೂ ತಿಳಿಯುವುದಿಲ್ಲ.

ನಿಲುವಂಗಿಯನ್ನು ಅವರು ಆ ವಾರವೆಲ್ಲ ಬಿಚ್ಚಿ ಹೊಲಿದರು. ಹೊಲಿಗೆ ಬಿಚ್ಚಿದಂತೆಲ್ಲ ಹಳೆಯ ಸೂಜಿಗುರುತು, ಬೇರೆ ಬೇರೆ ಬಣ್ಣದ ದಾರ ಕಂಡವು. ಇದು ವೀರಭದ್ರ, ಇದು ಹೊಟ್ಟೆ ಬಂದಿದ್ದ ಆರನೆಯವರು, ಎಂದು ಒಂದೊಂದನ್ನೇ ಬೆರಳಿಟ್ಟು ತೋರಿಸಿದರು. ಎಲ್ಲರೂ ಎಲ್ಲೋ ಇದ್ದಾರೆ, ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾರೆ. ಎಲ್ಲಕ್ಕಿಂತ ಒಳಗೆ ಎದೆಯ ಹತ್ತಿರ ಹೊಲಿದು ಮುಚ್ಚಿದ್ದ ನೆರಿಗೆ ಸಿಕ್ಕಿತು. ದಿಶಾಳ ಹೆಗಲು ಚಿಕ್ಕದು, ಹೆಗಲನ್ನು ಒಳಗೆ ಹಿಡಿದರು. ನೆರಿಗೆಯನ್ನು ಮಾತ್ರ ಬಿಚ್ಚಿ ಸಡಿಲ ಬಿಟ್ಟರು. ‘ಎದಿ ಬಿಗಿ ಆಗಬಾರದ್ರಿ, ಉಸುರಿಗೆ ಜಾಗಾ ಬೇಕು’ ಎಂದರು.

ಭಾನುವಾರ ಬೆಳಗ್ಗೆ ನಾಲ್ಕು ಪೆಟ್ಟಿಗೆ ವಿನ್ಸೆಂಟ್ ಅವರ ಆಟೊದಲ್ಲಿ ಎರ್ನಾಕುಳಂ ರೈಲು ನಿಲ್ದಾಣಕ್ಕೆ ಬರುತ್ತವೆ. ಇಪ್ಪತ್ತು ವರ್ಷದಿಂದ ಪೆಟ್ಟಿಗೆ ಸಾಗಿಸುವವರು ವಿನ್ಸೆಂಟ್, ನಾಟಕ ಒಂದನ್ನೂ ನೋಡಿದವರಲ್ಲ, ಆದರೆ ಯಾವ ಪೆಟ್ಟಿಗೆಯಲ್ಲಿ ಕಿರೀಟವಿದೆ ಎಂದು ಬಲ್ಲರು. ಕೌಸಲ್ಯಾ ರೈಲಿನಲ್ಲಿ ಕಿಟಕಿ ಬದಿಗೆ ಕೂರುವುದಿಲ್ಲ, ಪೆಟ್ಟಿಗೆ ಕಾಣುವ ಕಡೆ ಕೂರುತ್ತಾರೆ. ಕೊಲ್ಲಂ ದಾಟುವ ಹೊತ್ತಿಗೆ ದಿಶಾ ಬಾಗಿಲ ಹತ್ತಿರ ನಿಂತು ಗಾಳಿಗೆ ಮುಖವೊಡ್ಡಿ ಸಾಲನ್ನು ಗೊಣಗುತ್ತಿದ್ದಾಳೆ. ಮೇಷ್ಟ್ರು ಹೊರಡುವುದರೊಳಗೆ ಮೂರು ಸಲ ನಿಲ್ಲುತ್ತಾಳೆ.

ಉಳ್ಳೂರಿನ ಹತ್ತಿರದ ಸಭಾಂಗಣ ಸಂಜೆ ಐದಕ್ಕೆ ತುಂಬುತ್ತದೆ. ಕಳಕ್ಕೂಟಂನ ಹುಡುಗ ಹುಡುಗಿಯರು, ಬ್ಯಾಂಕು, ಕಚೇರಿಗಳ ಸಂಸಾರಗಳು, ಕನ್ನಡ ಕೇಳಿ ಮಲಯಾಳದಲ್ಲಿ ನಗುವ ಮಕ್ಕಳು. ಮುಂದಿನ ಸಾಲಿನಲ್ಲಿ ಉಪೇಂದ್ರ. ಕೃಪಾ ಡ್ಯೂಟಿ ಮುಗಿಸಿ ನೇರವಾಗಿ ರಂಗದ ಪಕ್ಕಕ್ಕೆ ಬರುತ್ತಾಳೆ, ಬಂದವಳೇ ತಾಯಿಗೆ ಊಟ ಆಯಿತೇ ಎಂದು ಮಲಯಾಳದಲ್ಲಿ ವಿಚಾರಿಸುತ್ತಾಳೆ. ಇವತ್ತು ಏನು ಬದಲಾಗಿದೆ ಎಂದು ಅವಳಿಗೆ ಯಾರೂ ಹೇಳಿಲ್ಲ. ತಾಯಿಯೂ ಹೇಳಿಲ್ಲ. ಕೌಸಲ್ಯಾ ಅವರ ಕೈಯಲ್ಲಿ ಸೂಜಿದಾರ ಸಿದ್ಧವಾಗಿದೆ.

ರಾಜ ಗದರುತ್ತಾನೆ. ಮಂತ್ರಿ ತಲೆ ತಗ್ಗಿಸುತ್ತಾನೆ. ಪಕ್ಕದಿಂದ ನೋಡುತ್ತಿದ್ದ ನನಗೆ ನಿಲುವಂಗಿಯ ನೆರಿಗೆ ಮೆಲ್ಲಗೆ ಬಿಚ್ಚಿಕೊಳ್ಳುವುದು ಕಾಣುತ್ತದೆ. ಆಮೇಲೆ ಹೆಂಡತಿ ಹೊರಡುತ್ತಾಳೆ, ತಾಯಿ ಹೊರಡುತ್ತಾಳೆ, ಎಮ್ಮೆ ಹೊರಡುತ್ತದೆ. ಗೌರಜ್ಜಿ ಬರುತ್ತಾಳೆ. ಹಳಬರು ಕೆಮ್ಮಿಗಾಗಿ ಕಾಯುತ್ತಾರೆ, ಗೌರಜ್ಜಿ ನಿಲ್ಲದೆ ಹೊರಟುಹೋಗುತ್ತಾಳೆ. ಮೊಮ್ಮಗ, ಮೇಷ್ಟ್ರು, ಶಾಲೆ, ಹುಡುಗಿಯ ಕುತ್ತಿಗೆಯ ನರ ಉಬ್ಬಿದೆ, ದನಿ ಸಣ್ಣಗಾಗುತ್ತಿದೆ, ಊರು ಹೊರಡುತ್ತದೆ, ತಾವೂ ಹೊರಟುಬಿಡಿ ಪ್ರಭು ಎಂಬುದು ಕೊನೆಯ ಗುಟುಕು ಗಾಳಿಯಲ್ಲಿ ಆಚೆ ಬರುತ್ತದೆ. ಆಮೇಲೆ ಇಡೀ ಸಭಾಂಗಣ ಒಟ್ಟಿಗೆ ನಗುತ್ತದೆ. ಮೂವತ್ತು ವರ್ಷದಿಂದ ನಗು ಬರಬೇಕಾಗಿದ್ದ ಜಾಗದಲ್ಲಿ ನಗು ಬಂದಿದೆ. ಬರೆದ ಮನುಷ್ಯ ಮುಂದಿನ ಸಾಲಿನಲ್ಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾರೆ.

ಕೃಪಾ ನಗುತ್ತಿಲ್ಲ. ತಾಯಿಯ ಕಡೆ ತಿರುಗಿದ್ದಾಳೆ. ಕೆಮ್ಮು ಎಲ್ಲಿ ಹೋಯಿತು ಎಂದು ಮಲಯಾಳದಲ್ಲಿ ಕೇಳುತ್ತಾಳೆ. ಅಪ್ಪನಿಗೆ ಮೊದಲು ಅದು ಇರಲಿಲ್ಲ ಎಂದು ತಾಯಿ ಹೇಳುತ್ತಾರೆ. ಅವಳು ರಂಗದ ಮೇಲಿನ ಮಂತ್ರಿಯನ್ನು ಇನ್ನೊಮ್ಮೆ ನೋಡಿ, ಅಪ್ಪ ಹೀಗೆ ಮಾತಾಡುತ್ತಿದ್ದರಾ ಎಂದು ಕೇಳುತ್ತಾಳೆ.

‘ಹೂಂ, ಹಿಂಗ’ ಎನ್ನುತ್ತಾರೆ ಕೌಸಲ್ಯಾ. ‘ಇನ್ನೂ ಸ್ವಲ್ಪ ಜೋರು.’